ಹನ್ನೊಂದು ಎಣಿಸುವಷ್ಟರಲ್ಲಿ

ಆ ಗ್ಯಾರೇಜಿಗೆ ಎರಡು ತರದ ಜನ ಬರುತ್ತಿದ್ದರು. ಗಾಡಿ ಕೆಟ್ಟವರು ಒಂದು, ಬೈಸಿಕೊಳ್ಳಲು ತಯಾರಾಗಿ ಬಂದವರು ಇನ್ನೊಂದು. ಸ್ವಲ್ಪ ಹೊತ್ತು ನಿಂತು ನೋಡಿದರೆ ಇಬ್ಬರೂ ಒಂದೇ ಜನ ಅಂತ ಗೊತ್ತಾಗುತ್ತಿತ್ತು.

ರಸ್ತೆಯವರು ಅವನಿಗೆ ಇಟ್ಟ ಹೆಸರು ಕೆಂಡ ಮೇಸ್ತ್ರಿ. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಇವನಿಗೆ ಅಲ್ಲಿಂದ ಒಂದು ಗೇಣು ಮುಂದೆ ಇರುತ್ತಿತ್ತು. ಆದರೆ ಕೈ ಚೊಕ್ಕ. ಇಲ್ಲದ ರೋಗ ಹೇಳುವವನಲ್ಲ, ಇರುವ ರೋಗ ಮುಚ್ಚುವವನಲ್ಲ. ಅದೊಂದು ಗುಣಕ್ಕಾಗಿ ಜನ ಬೈಗುಳವನ್ನು ಬೆವರಿನ ಹಾಗೆ ಒರೆಸಿಕೊಂಡು ಮತ್ತೆ ಬರುತ್ತಿದ್ದರು.

ಅವಳು ಮೊದಲ ಸಲ ಬಂದಾಗ ಅವನು ಒಂದು ವ್ಯಾನಿನ ಕೆಳಗೆ ಮಲಗಿದ್ದ. ಕಂಡಿದ್ದು ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ ಅಷ್ಟೇ. ಮೇಲಿನಿಂದ ಒಂದು ನಿಧಾನದ ದನಿ ಬಂತು. ಕ್ಲಚ್ ಮೆತ್ತಗಾಗಿದೆ, ಬೆಳಿಗ್ಗೆ ಸರಿಯಿರುತ್ತೆ, ಗಾಡಿ ಬಿಸಿಯಾದ ಮೇಲೆ ಫಸ್ಟ್ ಗೇರ್ ಹಾಕಿದರೆ ಕರಕರ ಅನ್ನುತ್ತೆ, ಪೆಡಲನ್ನು ಬೇಗ ಬೇಗ ಎರಡು ಮೂರು ಸಲ ತುಳಿದರೆ ಬೀಳುತ್ತೆ ಎಂದು ಒಂದೊಂದಾಗಿ ಹೇಳಿತು.

ಅವನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

"ಕಾಲು ಮೇಡಂ, ಕಾಲು," ಎಂದ ಮಲಗಿದಲ್ಲಿಂದಲೇ. "ಎಡಗಾಲನ್ನ ಪೆಡಲ್ ಮೇಲೇ ಮಲಗಿಸಿರ್ತೀರಿ. ಹಾಗೆ ಓಡಿಸಿದ್ರೆ ಕ್ಲಚ್ ಏನು, ಕಬ್ಬಿಣದ ಕಂಬನೂ ಸವೆಯುತ್ತೆ. ಮೊದಲು ಯಾರ ಹತ್ರಾದ್ರೂ ಸರಿಯಾಗಿ ಕಲಿತು ಬನ್ನಿ."

ಶೂ ಅಲುಗಲಿಲ್ಲ. "ಕಲೀಬಹುದು," ಎಂದಿತು ದನಿ. "ಆದ್ರೆ ನನ್ನ ಹತ್ರ ನಾನೇ ಹೇಗೆ ಕಲೀಲಿ?"

ಅವನು ಜಾರಿಕೊಂಡು ಹೊರಬಂದ. ಎದುರಿಗೆ ಹತ್ತೊಂಬತ್ತು ವರ್ಷ ಹಳೆಯದೊಂದು ನೀಲಿ ಕಾರು, ಅದರ ನೆತ್ತಿಯ ಮೇಲೆ ಹಳದಿ ಬಣ್ಣದ ಡ್ರೈವಿಂಗ್ ಸ್ಕೂಲ್ ಬೋರ್ಡು. ಪಕ್ಕದಲ್ಲಿ ಕೈಕಟ್ಟಿ ನಿಂತವಳು ಊರಿಗೆಲ್ಲ ಗಾಡಿ ಕಲಿಸಿದ ಟೀಚರ್. ಕಿವಿಯ ಹತ್ತಿರ ಒಂದು ಹಿಡಿ ಕೂದಲು ಬೆಳ್ಳಗಾಗಿತ್ತು, ತುಟಿಯ ಒಂದು ತುದಿ ಮಾತ್ರ ನಗುತ್ತಿತ್ತು.

ಇಪ್ಪತ್ತೊಂದು ವರ್ಷದಲ್ಲಿ ಆರುನೂರು ಚಿಲ್ಲರೆ ಎಡಗಾಲುಗಳಿಗೆ ತಾನು ಹೇಳಿಕೊಟ್ಟ ಮೊದಲ ಪಾಠವೇ ಅದು, ಪೆಡಲ್ ಮೇಲೆ ಕಾಲು ಮಲಗಿಸಬಾರದು ಅನ್ನೋದು, ಎಂದು ಅವಳು ಹೇಳಿದಳು. ಇಷ್ಟು ಜೋರಾಗಿ ಮಾತ್ರ ಹೇಳಿರಲಿಲ್ಲ ಎಂದೂ ಸೇರಿಸಿದಳು.

ಮೇಸ್ತ್ರಿಗೆ ಕ್ಷಮೆ ಕೇಳಿ ಅಭ್ಯಾಸವಿರಲಿಲ್ಲ. ಅವನು ಬಾನೆಟ್ ಎತ್ತಿದ. ಅವನ ಭಾಷೆಯಲ್ಲಿ ಅದೇ ಕ್ಷಮೆ.

*

ಆ ಕಾರಿನ ಕ್ಲಚ್ಚು ಎಣ್ಣೆಯಿಂದ ನಡೆಯುವಂಥದ್ದು. ಪೆಡಲ್ ತುಳಿದರೆ ಮೇಲಿರುವ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಪೈಪಿನೊಳಗೆ ತಳ್ಳುತ್ತದೆ. ಆ ಒತ್ತಡಕ್ಕೆ ಗೇರ್‌ಬಾಕ್ಸಿನ ಹತ್ತಿರವಿರುವ ಕೆಳಗಿನ ಸಿಲಿಂಡರ್ ಚಾಚಿ ಕ್ಲಚ್ಚನ್ನು ಬಿಡಿಸುತ್ತದೆ. ನಡುವೆ ಎಲ್ಲಾದರೂ ಗಾಳಿ ಸೇರಿದರೆ ತುಳಿದ ಬಲವೆಲ್ಲ ಗಾಳಿಯನ್ನು ಹಿಸುಕುವುದರಲ್ಲೇ ಮುಗಿಯುತ್ತದೆ, ಕೆಳಕ್ಕೆ ಏನೂ ಮುಟ್ಟುವುದಿಲ್ಲ.

ಮಾಸ್ಟರ್ ಸಿಲಿಂಡರಿಗೆ ಎಣ್ಣೆ ಕೊಡುವ ಡಬ್ಬಿಯಲ್ಲಿ ಎಣ್ಣೆ ಕಪ್ಪಾಗಿತ್ತು, ಮಟ್ಟವೂ ಇಳಿದಿತ್ತು. ಹೊಸ ಎಣ್ಣೆ ಹಾಕಿ ಗಾಳಿ ತೆಗೆಯಬೇಕು ಎಂದ. ಆ ಕೆಲಸ ಒಬ್ಬರಿಂದ ಆಗುವುದಿಲ್ಲ. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಮಲಗಿ ಸಿಲಿಂಡರಿನ ನಿಪ್ಪಲ್ ಎಂಬ ಸಣ್ಣ ತಿರುಪು ಬಿಚ್ಚಿ ಗಾಳಿ ಹೊರಗೆ ಬಿಟ್ಟು ಮತ್ತೆ ಬಿಗಿ ಮಾಡಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ನಡುವೆ ಇರುವುದು ಮಾತು ಮಾತ್ರ.

ಅವನ ಹತ್ತಿರ ಕೆಲಸಕ್ಕೆ ಯಾರೂ ನಿಲ್ಲುತ್ತಿರಲಿಲ್ಲ, ಕಾರಣ ಹೇಳಬೇಕಾಗಿಲ್ಲ. ಅವಳೇ ಸೀಟಿನಲ್ಲಿ ಕೂತಳು.

"ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ."

"ಹಿಡಿದಿದೀನಿ."

ನಿಪ್ಪಲಿಗೆ ಸಿಕ್ಕಿಸಿದ ಪಾರದರ್ಶಕ ನಳಿಕೆಯಲ್ಲಿ ಗುಳ್ಳೆಗಳು ಸಾಲಾಗಿ ಇಳಿದು ಬಾಟಲಿಗೆ ಬಿದ್ದವು. ಅವನು ನಿಪ್ಪಲ್ ಬಿಗಿ ಮಾಡಿ "ಬಿಡಿ" ಎಂದ. ಎಷ್ಟು ಸಲ ಹಾಗೆ ಆಯಿತೋ. ಅವಳು ಒಂದು ಸಲವೂ ಆತುರಪಟ್ಟು ಕಾಲು ಎತ್ತಲಿಲ್ಲ, ಒಂದು ಸಲವೂ "ಆಯ್ತಾ" ಎಂದು ಕೇಳಲಿಲ್ಲ. ಗುಳ್ಳೆ ನಿಂತ ಮೇಲೂ ಮೇಸ್ತ್ರಿ ಎರಡು ಸಲ ಸುಮ್ಮನೆ "ಒತ್ತಿ" ಎಂದ.

ತನ್ನ ಮಾತಿಗೆ ಒಬ್ಬರು ಅಷ್ಟು ಮೆತ್ತಗೆ ಮಾರುತ್ತರ ಕೊಟ್ಟಿದ್ದು ಯಾವಾಗ ಎಂದು ಅವನು ಆ ಎಣ್ಣೆ ರಾಡಿಯಲ್ಲಿ ಮಲಗಿಕೊಂಡು ನೆನಪು ಮಾಡಿಕೊಂಡ. ನೆನಪಾಗಲಿಲ್ಲ.

*

ಮೇಸ್ತ್ರಿಗೆ ನಲವತ್ತೆಂಟು. ಒಂದು ಕಾಲದಲ್ಲಿ ಹದಿನಾಲ್ಕು ತಿಂಗಳು ಮದುವೆಯಾಗಿದ್ದ. ಹೆಂಡತಿ ಹೋಗುವಾಗ ಅಳಲಿಲ್ಲ, ಬೈಯಲಿಲ್ಲ. ನಿಮ್ಮ ಜೊತೆ ಇರೋದು ಹಾರ್ನ್ ಸಿಕ್ಕಿಕೊಂಡ ಗಾಡಿಯೊಳಗೆ ಕೂತ ಹಾಗೆ ಎಂದಷ್ಟೇ ಹೇಳಿ ಹೋದಳು. ಅವಳು ಹೇಳಿದ್ದು ಸರಿ ಎಂದು ಅವನಿಗೆ ತಿಳಿಯಲು ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಅವನು ಇನ್ನೊಂದು ಲೆಕ್ಕಕ್ಕೂ ಬಂದಿದ್ದ. ಜನ ನನ್ನ ಹತ್ತಿರ ಬರುವುದು ಏನಾದರೂ ಕೆಟ್ಟಾಗ ಮಾತ್ರ. ಸರಿಯಾದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಅದನ್ನು ಅವನು ದುಃಖ ಎಂದುಕೊಂಡಿರಲಿಲ್ಲ, ಕಸುಬು ಎಂದುಕೊಂಡಿದ್ದ.

ಗ್ಯಾರೇಜಿನ ಮೇಲಿನ ಮನೆಯಲ್ಲಿ ಅವನ ಜೊತೆ ಅಕ್ಕ ಇದ್ದಳು. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಆಯಾ ಕೆಲಸ ಮಾಡಿ ನಿವೃತ್ತಳಾದ ಹೆಂಗಸು. ರೋಗಿಯ ಮುಖ ನೋಡಿಯೇ ಜ್ವರ ಎಷ್ಟು ಎಂದು ಹೇಳುತ್ತಿದ್ದವಳಿಗೆ ತಮ್ಮನ ಮುಖ ಯಾವ ದೊಡ್ಡ ಮಾತು?

ಮುಂದಿನ ಶನಿವಾರ ನೀಲಿ ಕಾರು ಮತ್ತೆ ಬಂತು. ಕ್ಲಚ್ ಮತ್ತೆ ಮೆತ್ತಗಾಗಿತ್ತು.

ಈ ಸಲ ಅವನು ಬೈಯಲಿಲ್ಲ. ಡಬ್ಬಿಯಲ್ಲಿ ಎಣ್ಣೆ ಗೆರೆಯ ಮಟ್ಟಕ್ಕೇ ಇತ್ತು, ಇಳಿದಿರಲಿಲ್ಲ. ಪೆಡಲಿನ ಹಿಂದೆ ಕೈ ಹಾಕಿ ಸವರಿದ, ಒಣಗಿತ್ತು. ಕೆಳಗಿನ ಸಿಲಿಂಡರಿನ ರಬ್ಬರ್ ಟೊಪ್ಪಿಗೆ ಎತ್ತಿ ನೋಡಿದ, ಅದೂ ಒಣಗಿತ್ತು. ಪೈಪನ್ನು ಬೆರಳಲ್ಲಿ ಹಿಡಿದು ಅವಳಿಗೆ ತುಳಿಯಲು ಹೇಳಿದ, ಪೈಪು ಉಬ್ಬಲಿಲ್ಲ. ಎಲ್ಲೂ ಒಂದು ತೊಟ್ಟು ಸೋರಿಕೆ ಇಲ್ಲ. ಆದರೂ ಬಲ ಎಲ್ಲೋ ಮಾಯವಾಗುತ್ತಿದೆ.

"ಪಕ್ಕದ ಸೀಟಿಗೆ ಬನ್ನಿ," ಎಂದು ತಾನು ಡ್ರೈವರ್ ಸೀಟಿನಲ್ಲಿ ಕೂತ.

ಕಲಿಸುವ ಕಾರಿಗೆ ಎರಡು ಕಡೆಯೂ ಪೆಡಲ್ ಇರುತ್ತದೆ. ಟೀಚರ್ ಕಾಲಡಿಗೊಂದು ಕ್ಲಚ್ಚು, ಒಂದು ಬ್ರೇಕು. ಎರಡು ಕ್ಲಚ್ಚಿಗೂ ನಡುವೆ ಒಂದು ಕಬ್ಬಿಣದ ಕಡ್ಡಿ. ಇಲ್ಲಿ ತುಳಿದರೆ ಅಲ್ಲಿಯದೂ ಇಳಿಯುತ್ತದೆ, ಅಲ್ಲಿ ತುಳಿದರೆ ಇಲ್ಲಿಯದು. ಕನ್ನಡಿಯೂ ಎರಡು. ಗಾಜಿಗೆ ಅಂಟಿಸಿದ ಚಿಕ್ಕ ಕನ್ನಡಿ ಟೀಚರದ್ದು.

ಮೇಸ್ತ್ರಿ ಪೆಡಲನ್ನು ನಿಧಾನವಾಗಿ ಅರ್ಧಕ್ಕೆ ಒತ್ತಿ ಹಿಡಿದ. ಅವಳಿಗೂ ಕಾಲಿಟ್ಟು ನೋಡಲು ಹೇಳಿದ, ಒತ್ತುವುದು ಬೇಡ, ಸುಮ್ಮನೆ ತಾಗಿಸಿ ಎಂದ. ಆಮೇಲೆ ಎಣಿಸತೊಡಗಿದ. ನಾಲ್ಕಕ್ಕೆ ಏನೂ ಆಗಲಿಲ್ಲ. ಏಳಕ್ಕೆ ಪೆಡಲ್ ಎಳ್ಳಷ್ಟು ಕುಸಿಯಿತು. ಅವನು ಬಲ ಹೆಚ್ಚಿಸಿರಲಿಲ್ಲ. ಹನ್ನೊಂದು ಎನ್ನುವಷ್ಟರಲ್ಲಿ, ನಿದ್ದೆ ಬಂದವರ ತಲೆ ಬಾಗುವ ಹಾಗೆ, ನೆಲ ಮುಟ್ಟಿತು.

ಆ ಇಳಿಯುವುದನ್ನು ಎರಡು ಕಾಲುಗಳು ಒಟ್ಟಿಗೆ ತಿಳಿದವು. ಅವನು ತಲೆ ಎತ್ತಿದಾಗ ಚಿಕ್ಕ ಕನ್ನಡಿಯಲ್ಲಿ ಅವಳ ಕಣ್ಣುಗಳಿದ್ದವು. ರಸ್ತೆಯನ್ನು ನೋಡಬೇಕಾದ ಕನ್ನಡಿ ಅದು. ಅವಳು ತಕ್ಷಣ ಕಣ್ಣು ತೆಗೆಯಲಿಲ್ಲ. ಮೊದಲು ತೆಗೆದವನು ಅವನೇ.

ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸವೆದಿದೆ ಎಂದು ವಿವರಿಸಿದ. ಎಣ್ಣೆ ಹೊರಗೆ ಸೋರುವುದಿಲ್ಲ, ಒಳಗೊಳಗೇ ರಬ್ಬರನ್ನು ದಾಟಿ ವಾಪಸು ಬರುತ್ತದೆ. ಹೊರಗಿನಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಳೆಯ ಮಾಡೆಲ್ ಆದ್ದರಿಂದ ರಬ್ಬರಿನ ಕಿಟ್ ತರಿಸಬೇಕು, ಹತ್ತು ದಿನವಾದರೂ ಬೇಕು. ಅಲ್ಲಿಯವರೆಗೆ ಪ್ರತಿ ಶನಿವಾರ ಬಂದರೆ ಗಾಳಿ ತೆಗೆದು, ಪೆಡಲಿನಿಂದ ಸಿಲಿಂಡರಿಗೆ ಹೋಗುವ ಕಡ್ಡಿಯನ್ನು ಒಂದು ಸುತ್ತು ಬಿಗಿ ಮಾಡಿ ಕೊಡುತ್ತೇನೆ, ಓಡುತ್ತೆ ಎಂದ.

"ಕ್ಲಚ್ಚಿಗೂ ಒಳಗೊಳಗೇ ಕೊರಗೋದು ಬರುತ್ತೆ ಅಂತ ಗೊತ್ತಿರಲಿಲ್ಲ," ಎಂದು ಅವಳು ಕಾರಿನಿಂದ ಇಳಿದಳು.

*

ಶನಿವಾರಗಳು ಬಂದವು. ಸಂಜೆ ನಾಲ್ಕಕ್ಕೆ ಕಾರು ಬರುತ್ತಿತ್ತು, ನಾಲ್ಕೂಕಾಲಿಗೆ ಅಕ್ಕ ಟೀ ತರುತ್ತಿದ್ದಳು. ಮೊದಲು ಎರಡು ಲೋಟ ಬರುತ್ತಿತ್ತು, ಆಮೇಲೆ ಮೂರು, ಆಮೇಲೆ ಅಕ್ಕ ಮೊಣಕಾಲು ನೋವು ಎಂಬ ನೆಪ ಹೇಳಿ ಮತ್ತೆ ಎರಡೇ ತಂದು ಮೇಲೆ ಹೋಗಿಬಿಡುತ್ತಿದ್ದಳು. ಶನಿವಾರ ಶನಿವಾರ ತಲೆಗೆ ನೀರು ಹಚ್ಚಿ ಬಾಚುತ್ತೀಯಲ್ಲೋ, ಗಾಡಿಯ ಹೊಟ್ಟೆಗೇನು ನಿನ್ನ ಮುಖ ಕಾಣುತ್ತಾ ಎಂದು ಮೆಟ್ಟಿಲ ಮೇಲಿಂದ ಕೇಳುತ್ತಿದ್ದಳು.

ಮಾತು ಹೆಚ್ಚಾಗಿ ಅವಳದ್ದು, ಕಲಿಯುವವರದ್ದು. ಬ್ರೇಕ್ ಒತ್ತುವ ಬದಲು ಕಣ್ಣು ಮುಚ್ಚಿಕೊಳ್ಳುವ ಬ್ಯಾಂಕ್ ಕ್ಲರ್ಕು. ಈಚೆಗೆ ಸೇರಿದ ಹೊಲಿಗೆ ಅಂಗಡಿಯಮ್ಮ, ಐವತ್ತೆಂಟು ವರ್ಷ, ನಲವತ್ತು ವರ್ಷ ಮಷೀನ್ ತುಳಿದ ಕಾಲು. ಅಷ್ಟು ಒಳ್ಳೆಯ ಎಡಗಾಲನ್ನು ತಾನು ನೋಡೇ ಇಲ್ಲ, ರೇಷ್ಮೆ ಬಿಟ್ಟ ಹಾಗೆ ಕ್ಲಚ್ ಬಿಡುತ್ತಾರೆ ಎಂದು ಟೀಚರ್ ಹೇಳುವಾಗ ಅವಳ ಮುಖ ಬೆಳಗುತ್ತಿತ್ತು. ಮೇಸ್ತ್ರಿ ಸ್ಪ್ಯಾನರ್ ಒರೆಸುತ್ತಾ ಕೇಳುತ್ತಿದ್ದ. ಒಂದೇ ಸ್ಪ್ಯಾನರನ್ನು ಅರ್ಧ ಗಂಟೆ ಒರೆಸುತ್ತಿದ್ದ.

ಒಂದು ದಿನ ಅವನು ಬಾಯಿ ತಪ್ಪಿ, ಯಾಕೆ ಮದುವೆಯಾಗಲಿಲ್ಲ ಎಂದು ಕೇಳಿಬಿಟ್ಟ.

"ಪಕ್ಕದ ಸೀಟಲ್ಲಿ ಕೂತು ಕೂತು ಅಭ್ಯಾಸ ಆಗೋಯ್ತು ಮೇಸ್ತ್ರಿಯವರೇ," ಎಂದಳು. "ನನ್ನ ಕಾಲ ಕೆಳಗೂ ಒಂದು ಬ್ರೇಕ್ ಇರಬೇಕು ಅಂದೆ. ಯಾರೂ ಒಪ್ಪಲಿಲ್ಲ."

ಅದನ್ನು ಹೇಳಿ ಟೀ ಲೋಟದ ಅಂಚಿನ ಮೇಲಿಂದ ಅವನನ್ನು ನೋಡಿದಳು. ಅವನಿಗೆ ಹೇಳಲು ಉತ್ತರ ಇತ್ತು. ಊರಿಗೆಲ್ಲ ಕೇಳುವ ಹಾಗೆ ಕೂಗುವ ಗಂಟಲಿಗೆ ಅದು ಮಾತ್ರ ಬರಲಿಲ್ಲ.

ಕಿಟ್ ಕೇಳಿದ ಮೊದಲ ಶನಿವಾರ, ಇನ್ನೂ ಬಂದಿಲ್ಲ ಎಂದ. ಅದು ನಿಜವಾಗಿತ್ತು. ಸೋಮವಾರ ಕಿಟ್ ಬಂತು. ಅಂಗೈಯಗಲದ ಪ್ಯಾಕೆಟ್ಟು, ಒಳಗೆ ನಾಲ್ಕು ಕಪ್ಪು ರಬ್ಬರು, ಒಂದು ಸ್ಪ್ರಿಂಗು. ಒಂದೂವರೆ ಗಂಟೆಯ ಕೆಲಸ. ಅವನು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಇದನ್ನು ಹಾಕಿದರೆ ಆ ಕಾರು ಇನ್ನು ಐದು ವರ್ಷ ಈ ಬಾಗಿಲಿಗೆ ಬರುವುದಿಲ್ಲ.

ಪ್ಯಾಕೆಟ್ಟನ್ನು ಡ್ರಾಯರಿಗೆ ಹಾಕಿ ಮೇಲೆ ಹಳೇ ಬಟ್ಟೆ ಮುಚ್ಚಿದ.

ಶನಿವಾರ ಅವಳು ಕೇಳಿದಳು. ಬಂದಿಲ್ಲ ಎಂದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಅವಳ ಮುಖ ನೋಡದೆ ಹೇಳಿದ. ಆ ದಿನ ಪೆಡಲ್ ಒಂಬತ್ತಕ್ಕೇ ಇಳಿಯಿತು. ಮುಂದಿನ ಶನಿವಾರ ಏಳಕ್ಕೆ. ಅದರ ಮುಂದಿನದು ಐದಕ್ಕೆ. ಪ್ರತಿ ಸಲ ಇಬ್ಬರೂ ಒಟ್ಟಿಗೆ ಕೂತು ಎಣಿಸುತ್ತಿದ್ದರು, ಮತ್ತು ಪ್ರತಿ ಸಲ ಅವನಿಗೆ ಆ ಎಣಿಕೆ ಸಣ್ಣದಾಗುತ್ತಿದೆ ಎಂಬುದಕ್ಕಿಂತ ಅವಳ ಭುಜ ಒಂದು ಗೇಣು ದೂರದಲ್ಲಿದೆ ಎಂಬುದೇ ದೊಡ್ಡದಾಗುತ್ತಿತ್ತು.

ಬೇಗ ಬೇಗ ಇಳೀತಿದೆ ಅನಿಸ್ತಿದೆ, ಕಲಿಯೋರನ್ನ ಕೂರಿಸ್ಕೊಂಡು ಹೋಗಬಹುದಾ ಎಂದು ಅವಳು ಕೇಳಿದಳು.

"ಏನೂ ಆಗಲ್ಲ. ನಡೆಯುತ್ತೆ," ಎಂದ.

ಬೇರೆ ಯಾವ ಮೇಸ್ತ್ರಿಯಾದರೂ ಹಾಗೆ ಹೇಳಿದ್ದು ಕಿವಿಗೆ ಬಿದ್ದಿದ್ದರೆ ಇವನು ಹೋಗಿ ಅವನ ಕಪಾಳಕ್ಕೆ ಬಾರಿಸುತ್ತಿದ್ದ.

*

ಗುರುವಾರ ಅಕ್ಕ ಕತ್ತರಿ ಹುಡುಕಲು ಡ್ರಾಯರ್ ಎಳೆದಳು. ಪ್ಯಾಕೆಟ್ಟನ್ನು ತೆಗೆದು, ಅದರ ಮೇಲಿನ ಪಾರ್ಸಲ್ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಬಂದು ಇಪ್ಪತ್ತನಾಲ್ಕು ದಿನವಾಗಿತ್ತು.

ಇಟ್ಟಲ್ಲೇ ಇಡು ಎಂದು ಅವನು ಗದರಿದ. ಅವಳು ಇಡಲಿಲ್ಲ. ಬಂದು ಅವನ ಎದುರಿಗಿದ್ದ ಟೈರಿನ ಮೇಲೆ ಕೂತಳು.

"ಬಾಯಿ ಮುಚ್ಚಲಿಲ್ಲ ಅಂತ ಒಬ್ಬಳು ಹೋದ್ಲು ತಮ್ಮಾ," ಎಂದಳು. "ಈಗ ಬಾಯಿ ಬಿಡದೆ ಇನ್ನೊಬ್ಬಳನ್ನ ಕಳ್ಕೋತೀಯ."

ಅವನು ಸಿಟ್ಟಿನಿಂದ ಸ್ಪ್ಯಾನರನ್ನು ಮೂಲೆಗೆ ಎಸೆದ. ಆಮೇಲೆ ಹೋಗಿ ಅದನ್ನು ಎತ್ತಿಕೊಂಡು ಬಂದ. ಶನಿವಾರ ಹಾಕಿಬಿಡುತ್ತೇನೆ ಎಂದ. ಕಿಟ್ ನಿನ್ನೆ ತಾನೇ ಬಂತು ಎಂದು ಹೇಳುತ್ತೀಯೇನೋ ಎಂದು ಅಕ್ಕ ಕೇಳಿದಳು. ಅವನು ಅದೇ ಹೇಳಬೇಕೆಂದಿದ್ದ.

ಶನಿವಾರ ಬರುವ ಮೊದಲು ಶುಕ್ರವಾರ ಬಂತು.

ಮಧ್ಯಾಹ್ನ ಒಂದು ಲಾರಿ ನೀಲಿ ಕಾರನ್ನು ಹಗ್ಗ ಕಟ್ಟಿ ಎಳೆದು ತಂದಿತು. ಮುಂದಿನ ನಂಬರ್ ಪ್ಲೇಟು ಮಡಚಿಕೊಂಡಿತ್ತು. ಟೀಚರ್ ಸ್ಟೀರಿಂಗ್ ಹಿಡಿದು ಕೂತಿದ್ದಳು. ಪೆಟ್ಟು ಯಾರಿಗೂ ಆಗಿಲ್ಲ ಎಂದು ಮೊದಲೇ ಹೇಳಿದಳು. ಆಮೇಲೆ ನಡೆದಿದ್ದನ್ನು ಒಂದೊಂದಾಗಿ ಹೇಳಿದಳು, ಮೊದಲ ದಿನದ ಹಾಗೆಯೇ. ಈ ಸಲ ಅವನು ಪೂರ್ತಿ ಕೇಳಿದ.

ಹೊಲಿಗೆ ಅಂಗಡಿಯಮ್ಮ ಓಡಿಸುತ್ತಿದ್ದರು. ಸಿಗ್ನಲ್ ಹತ್ತಿರ ಹಾಲಿನ ವ್ಯಾನಿನ ಹಿಂದೆ ನಿಂತಿತ್ತು ಕಾರು, ಫಸ್ಟ್ ಗೇರಿನಲ್ಲಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು. ಒತ್ತಿ ಹಿಡಿದ ಹಾಗೇ ಕಾರು ಮುಂದಕ್ಕೆ ನುಗ್ಗಿತು. ಟೀಚರ್ ತನ್ನ ಕಡೆಯ ಕ್ಲಚ್ ತುಳಿದಳು, ಅದೂ ನೆಲದಲ್ಲೇ ಬಿದ್ದಿತ್ತು. ಬ್ರೇಕ್ ತುಳಿದು ಕೀ ತಿರುಗಿಸುವಷ್ಟರಲ್ಲಿ ಬಂಪರ್ ವ್ಯಾನಿಗೆ ತಾಗಿತ್ತು. ಹೊಲಿಗೆ ಅಂಗಡಿಯಮ್ಮ ಬಾಗಿಲು ತೆಗೆದು ಇಳಿದು, ನನ್ನ ಕಾಲಿಗೆ ವಯಸ್ಸಾಯ್ತು ಅಂತ ಒಂದೇ ಮಾತು ಹೇಳಿ ಮನೆ ಕಡೆ ನಡೆದುಬಿಟ್ಟರು. ಎಷ್ಟು ಕರೆದರೂ ತಿರುಗಲಿಲ್ಲ.

"ಒಂದೇ ಮಾತು ಹೇಳಿ," ಎಂದಳು ಟೀಚರ್. "ತಪ್ಪು ಅವರ ಕಾಲಿನದಾ, ಗಾಡಿದಾ? ನಾನು ಹೋಗಿ ಅವರಿಗೆ ಹೇಳ್ಬೇಕು."

ಗಾಡಿಯದು ಎಂದರೆ ಸಾಕಾಗಿತ್ತು. ಅದು ಸುಳ್ಳೂ ಅಲ್ಲ. ಕಿಟ್ ಇವತ್ತೇ ಬಂತು ಎಂದಿದ್ದರೆ ಅವಳು ನಂಬುತ್ತಿದ್ದಳು. ಮೇಸ್ತ್ರಿ ಅವಳ ಶೂ ನೋಡಿದ. ಬಿಳಿ ಬಟ್ಟೆಯ ಮೇಲೆ ರಸ್ತೆಯ ಕಪ್ಪು ಮೆತ್ತಿತ್ತು.

ಹೋಗಿ ಡ್ರಾಯರ್ ತೆರೆದು ಪ್ಯಾಕೆಟ್ಟನ್ನು ತಂದು ಬಾನೆಟ್ ಮೇಲಿಟ್ಟ.

"ಅವರ ಕಾಲಿನದಲ್ಲ. ಗಾಡಿದೂ ಅಲ್ಲ. ನಂದು. ಇದು ಬಂದು ಇಪ್ಪತ್ತೈದು ದಿನ ಆಯ್ತು."

ಅವಳು ಚೀಟಿ ಓದಿದಳು. ಇನ್ನೊಂದು ಸಲ ಓದಿದಳು. ಯಾಕೆ ಎಂದು ಕೇಳಿದ ದನಿ ಎಷ್ಟು ಸಣ್ಣದಿತ್ತೆಂದರೆ ಅದಕ್ಕಿಂತ ಅವಳು ಕೂಗಿದ್ದರೆ ಚೆನ್ನಾಗಿತ್ತು.

"ಗಾಡಿ ಸರಿಯಾದ್ರೆ ನೀವು ಬರಲ್ಲ ಅಂತ."

ಇಷ್ಟು ವರ್ಷ ಯಾವುದಕ್ಕೂ ಕಾಯದೆ ಬಾಯಿಗೆ ಬಂದಿದ್ದು ಹೇಳಿದವನು, ಈಗ ಎದೆಯಲ್ಲಿದ್ದಿದ್ದು ಹೇಳಿ ಬೆವರಿದ. ಅಡ್ಡಗೋಡೆಯ ಮೇಲೆ ದೀಪ ಇಡಲು ಅವನಿಗೆ ಬರುತ್ತಿರಲಿಲ್ಲ. ಮೂರು ಸಲ ಸುಳ್ಳು ಹೇಳಿದೆ, ನೀವು ಕೇಳಿದಾಗ ನಡೆಯುತ್ತೆ ಅಂದೆ, ಅದು ಎಲ್ಲಕ್ಕಿಂತ ದೊಡ್ಡ ತಪ್ಪು, ಎಂದು ಅದನ್ನೂ ಹೇಳಿದ.

ರಸ್ತೆಯಲ್ಲಿ ಯಾವುದೋ ಗಾಡಿ ಗೇರ್ ಬದಲಿಸಿ ಹೋಯಿತು. ಅವಳು ಪ್ಯಾಕೆಟ್ಟನ್ನು ಅವನ ಕಡೆ ದೂಡಿದಳು.

"ಹಾಕಿ," ಎಂದಳು.

ಒಂದೂವರೆ ಗಂಟೆ ಅವಳು ಗೇಟಿನ ಹತ್ತಿರ ಬೆನ್ನು ಮಾಡಿ ನಿಂತಿದ್ದಳು. ಅಕ್ಕ ತಂದ ಟೀ ಆರಿತು. ಸಿಲಿಂಡರ್ ಬಿಚ್ಚಿದಾಗ ಒಳಗಿನ ರಬ್ಬರಿನ ಅಂಚು ಪುಡಿಪುಡಿಯಾಗಿ ಉಗುರಿಗೆ ಕಿತ್ತು ಬರುವಂತಿತ್ತು. ಹೊಸದು ಹಾಕಿ, ಜೋಡಿಸಿ, ಎಣ್ಣೆ ತುಂಬಿಸಿದ. ಇನ್ನು ಗಾಳಿ ತೆಗೆಯಬೇಕು. ಅದಕ್ಕೆ ಇನ್ನೊಂದು ಕಾಲು ಬೇಕು. ಅವನು ನಳಿಕೆ, ಬಾಟಲಿ ತೆಗೆದಿಟ್ಟ. ಅವಳು ತಿರುಗಿ ನೋಡಿ, ಬಂದು ಸೀಟಿನಲ್ಲಿ ಕೂತಳು.

"ಒತ್ತಿ."

"ಒತ್ತಿದೆ."

"ಹಿಡ್ಕೊಳ್ಳಿ."

"ಹಿಡಿದಿದೀನಿ."

ಅದೇ ನಾಲ್ಕು ಮಾತು. ಅದೇ ದನಿಯಲ್ಲ. ಕೆಳಗೆ ಮಲಗಿದವನಿಗೆ ನಳಿಕೆಯ ಗುಳ್ಳೆಗಳು ಸರಿಯಾಗಿ ಕಾಣಲಿಲ್ಲ, ಕಣ್ಣಿಗೆ ಎಣ್ಣೆ ಬಿದ್ದಿದೆ ಎಂದುಕೊಂಡ. ಇಷ್ಟು ಸಿಟ್ಟಿನಲ್ಲೂ ಅವಳು ಒಂದು ಸಲವೂ ಆತುರಕ್ಕೆ ಕಾಲು ಎತ್ತಲಿಲ್ಲ.

ಕೆಲಸ ಮುಗಿಯಿತು. ಅವಳು ಪೆಡಲ್ ಒತ್ತಿ ತಾನೇ ಮೂವತ್ತರವರೆಗೆ ಎಣಿಸಿದಳು. ಇಳಿಯಲಿಲ್ಲ. ಗಾಡಿ ಶುರು ಮಾಡಿ, ಹೊರಡುವ ಮೊದಲು ಗಾಜು ಇಳಿಸಿದಳು.

"ನನ್ನ ಕಾಲು ಮೂರು ವಾರದಿಂದ ಹೇಳ್ತಾನೇ ಇತ್ತು ಮೇಸ್ತ್ರಿಯವರೇ. ನಾನು ಅದನ್ನ ಬಿಟ್ಟು ನಿಮ್ಮ ಬಾಯಿ ನಂಬಿದೆ."

*

ಮರುದಿನ ಬೆಳಿಗ್ಗೆ ಮೇಸ್ತ್ರಿ ಕೈಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು ಹೊಲಿಗೆ ಅಂಗಡಿಗೆ ಹೋದ. ಬಾಗಿಲು ಅರ್ಧ ಮುಚ್ಚಿತ್ತು. ಅಂಗಡಿಯಮ್ಮ ಒಳಗೆ ಕೈಯಲ್ಲೇ ಗುಂಡಿ ಹೊಲಿಯುತ್ತಾ ಕೂತಿದ್ದರು. ಮಷೀನಿಗೆ ಬಟ್ಟೆ ಮುಚ್ಚಿತ್ತು.

ಅವನು ನಿಂತೇ ಎಲ್ಲ ಹೇಳಿದ. ನಿಮ್ಮ ಕಾಲು ಬಂಗಾರದಂಥದ್ದು ಎಂದು ಟೀಚರ್ ಹೇಳಿದ್ದನ್ನೂ ಹೇಳಿದ.

ಅಂಗಡಿಯಮ್ಮ ದಾರ ಹಲ್ಲಿನಲ್ಲಿ ಕಡಿದರು. ನಿನ್ನೆಯಿಂದ ಮಷೀನ್ ಮುಟ್ಟಿಲ್ಲ, ಕಾಲು ನಂಬಿಕೆ ಕೊಡುತ್ತಿಲ್ಲ ಎಂದರು. ನಲವತ್ತು ವರ್ಷದ ಕಸುಬನ್ನು ಒಂದು ಡ್ರಾಯರಿನಲ್ಲಿ ಮುಚ್ಚಿಟ್ಟಿದ್ದೆಯಲ್ಲಪ್ಪ ಎಂದರು. ಜೋರಾಗಿ ಹೇಳಲಿಲ್ಲ. ಮೇಸ್ತ್ರಿ ಜೀವಮಾನದಲ್ಲಿ ಜನರಿಗೆ ಬೈದಿದ್ದನ್ನೆಲ್ಲ ಸೇರಿಸಿದರೂ ಆ ಒಂದು ಮಾತಿನ ತೂಕಕ್ಕೆ ಬರುತ್ತಿರಲಿಲ್ಲ.

ಆಮೇಲೆ ಎದ್ದು ಮಷೀನಿನ ಮೇಲಿನ ಬಟ್ಟೆ ತೆಗೆದರು. ತುಂಡು ಬಟ್ಟೆಯೊಂದನ್ನು ಸೂಜಿಯ ಕೆಳಗಿಟ್ಟು ಮೆಲ್ಲಗೆ ತುಳಿದರು. ಗೆರೆ ಎಳೆದ ಹಾಗೆ ಹೊಲಿಗೆ ಬಿತ್ತು. ಅದನ್ನು ನೋಡುತ್ತಲೇ, ಟೀಚರ್ ಏನಂದಳು ಎಂದು ಕೇಳಿದರು. ಏನೂ ಅನ್ನಲಿಲ್ಲ, ಬರೋದೂ ಇಲ್ಲ ಎಂದ ಮೇಸ್ತ್ರಿ.

"ಬರಲ್ಲ ಅಂತ ಅವಳು ಹೇಳಿದ್ಲಾ, ನೀನೇ ಹೇಳ್ಕೊಂಡ್ಯಾ?" ಎಂದರು ಅಂಗಡಿಯಮ್ಮ. ಸೋಮವಾರದಿಂದ ಕ್ಲಾಸಿಗೆ ಬರುತ್ತೇನೆಂದು ಅವಳಿಗೆ ತಾನೇ ಹೇಳುತ್ತೇನೆ ಎಂದು ಸೇರಿಸಿ ಅವನನ್ನು ಕಳಿಸಿದರು.

ಆ ಶನಿವಾರ ನಾಲ್ಕು ಗಂಟೆಗೆ ಕಾರು ಬರಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಅದರ ಮುಂದಿನದೂ ಇಲ್ಲ. ಒಳ್ಳೆಯ ಕ್ಲಚ್ಚು ಯಾಕೆ ಬರುತ್ತದೆ? ಮೇಸ್ತ್ರಿ ಕೆಲಸ ಮಾಡಿದ. ಕೂಗುವುದು ಕಡಿಮೆಯಾಗಿತ್ತು. ಗಾಡಿ ತಂದವರು ಗಾಬರಿಯಾಗಿ, ಮೈ ಹುಷಾರಿಲ್ಲವೇ ಎಂದು ಅಕ್ಕನನ್ನು ಕೇಳತೊಡಗಿದರು.

ಅವನು ಒಂದೇ ಒಂದು ಅಭ್ಯಾಸ ಮಾಡಿಕೊಂಡ. ಗಾಡಿಯವರು ಹೇಳುವುದನ್ನು ಕೊನೆಯವರೆಗೂ ಕೇಳುವುದು. ಮೊದಲ ದಿನ ಒಬ್ಬಳು ಒಂದೊಂದಾಗಿ ಹೇಳಿದ್ದನ್ನು ಹಾಗೆ ಕೇಳಿದ್ದರೆ, ಅರ್ಧ ರೋಗ ಅಲ್ಲೇ ಗೊತ್ತಾಗುತ್ತಿತ್ತು ಎಂದು ಈಗ ಅನಿಸುತ್ತಿತ್ತು.

*

ನಾಲ್ಕನೇ ಶನಿವಾರ ಅವನು ಒಂದು ಕಾರಿನ ಕೆಳಗಿದ್ದ. ರಸ್ತೆಯ ತಿರುವಿನಲ್ಲಿ ಗಾಡಿಯೊಂದು ಥರ್ಡಿನಿಂದ ಸೆಕೆಂಡಿಗೆ, ಸೆಕೆಂಡಿನಿಂದ ಫಸ್ಟಿಗೆ ಬಂತು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಆ ಸದ್ದು ಅವನಿಗೆ ಗೊತ್ತು. ಸ್ಪ್ಯಾನರ್ ತಿರುಗಿಸುವುದನ್ನು ನಿಲ್ಲಿಸಿದ.

ಬಿಳಿ ಶೂ ಬಂದು ನಿಂತವು. ತೊಳೆದಿದ್ದವು.

ಹೊರಗೆ ಬಂದವನು ಮುಖ ಒರೆಸಿಕೊಂಡು, ಏನು ತೊಂದರೆ ಎಂದು ಕೇಳಿದ. ಬೇರೇನು ಕೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ.

"ತೊಂದರೆ ಏನೂ ಇಲ್ಲ," ಎಂದಳು. "ಏನೂ ಕೆಡದೆ ಬಂದೋರನ್ನ ಒಳಗೆ ಬಿಡ್ತೀರೋ ಇಲ್ವೋ ನೋಡೋಣ ಅಂತ ಬಂದೆ."

ಅವನ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಅವಳು ಅದನ್ನು ನೋಡಿದಳು, ಅವನನ್ನು ನೋಡಿದಳು. ತುಟಿಯ ಆ ಒಂದು ತುದಿ ಸ್ವಲ್ಪವೇ ಎದ್ದಿತು.

ಹೊಲಿಗೆ ಅಂಗಡಿಯಮ್ಮ ಮಂಗಳವಾರ ಪರೀಕ್ಷೆ ಪಾಸಾದರು ಎಂದು ಹೇಳಿದಳು. ನೀವು ಅಂಗಡಿಗೆ ಹೋಗಿದ್ದನ್ನು ಅವರೇ ಹೇಳಿದರು, ಅಂಗಿ ತಿರುಗಾ ಮುರುಗಾ ಗುಂಡಿ ಹಾಕಿಕೊಂಡು ಹೋಗಿದ್ದನ್ನೂ ಹೇಳಿದರು ಎಂದಳು. ಸಿಟ್ಟು ಪೂರ್ತಿ ಹೋಗಿಲ್ಲ, ಹೋಗುವುದಕ್ಕೆ ಇನ್ನೂ ದಿನ ಬೇಕು ಎಂದೂ ಹೇಳಿದಳು. ಮೂರು ವಾರದಲ್ಲಿ ತನ್ನ ಮೇಲೆ ತನಗೇ ಬಂದ ಸಿಟ್ಟು ಹೆಚ್ಚು. ಐದಕ್ಕೆ ಇಳಿಯುವ ಪೆಡಲ್ ಮೇಲೆ ಕಲಿಯುವವರನ್ನು ಕೂರಿಸಿದ್ದು ತಾನೇ ಅಲ್ಲವೇ? ಇನ್ನೊಂದು ಗ್ಯಾರೇಜಿಗೆ ಹೋಗಬಹುದಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ತಿಳಿದುಕೊಳ್ಳಲು ಮೂರು ಶನಿವಾರ ಮನೆಯಲ್ಲೇ ಕೂರಬೇಕಾಯಿತು.

"ತಿಳೀತಾ?" ಎಂದ ಅವನು.

ಅವಳು ಡ್ರೈವರ್ ಸೀಟಿನ ಬಾಗಿಲು ತೆಗೆದಳು, ಅವನಿಗಾಗಿ. ತಾನು ಸುತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತಳು. ಅವನು ಎಣ್ಣೆಯ ಬಟ್ಟೆಯಲ್ಲೇ ಕೂತ. ಸೀಟು ಹಾಳಾಗುತ್ತದೆ ಎಂದ, ಆಗಲಿ ಎಂದಳು.

"ಒಂದು ಮಾತು," ಎಂದಳು ಮುಂದಿನ ಗಾಜು ನೋಡುತ್ತಾ. "ಇನ್ಮೇಲೆ ಏನು ಕೆಟ್ರೂ ಅವತ್ತೇ ಹೇಳ್ಬೇಕು. ಗಾಡಿದಾಗ್ಲಿ, ನಿಮ್ದಾಗ್ಲಿ, ನಂದಾಗ್ಲಿ. ಡ್ರಾಯರ್‌ಗೆ ಹಾಕೋ ಹಾಗಿಲ್ಲ."

"ಕೂಗಿ ಹೇಳಿದ್ರೆ?"

"ಕೂಗಿ. ನನ್ನ ಕಡೆನೂ ಒಂದು ಬ್ರೇಕ್ ಇದೆ."

ನಿಮ್ಮ ಕಾಲ ಕೆಳಗೆ ಅದು ಇದ್ದೇ ಇರಲಿ, ನಾನು ಒಪ್ಪಿದೆ, ಎಂದು ಅವನು ಹೇಳಿದ. ಆವತ್ತು ಟೀ ಲೋಟದ ಎದುರು ಗಂಟಲಲ್ಲಿ ನಿಂತಿದ್ದ ಉತ್ತರ ಅದು. ಹೇಳಿದ್ದು ಎಷ್ಟು ಮೆತ್ತಗಿತ್ತೆಂದರೆ ಮೆಟ್ಟಿಲ ಮೇಲೆ ಎರಡು ಲೋಟ ಹಿಡಿದು ನಿಂತಿದ್ದ ಅಕ್ಕನಿಗೆ ಕೇಳಿಸಲೇ ಇಲ್ಲ. ತಮ್ಮನ ದನಿ ಕೇಳಿಸದೆ ಹೋಗಿದ್ದು ಅವಳಿಗೆ ಅದೇ ಮೊದಲು. ಅವಳು ಸದ್ದು ಮಾಡದೆ ಹಿಂದಕ್ಕೆ ಹತ್ತಿದಳು.

ಟೀಚರ್ ತನ್ನ ಕಡೆಯ ಕ್ಲಚ್ ಮೇಲೆ ಬಿಳಿ ಶೂ ಇಟ್ಟಳು. ಮೇಸ್ತ್ರಿಯ ಎಡಗಾಲು ಕ್ಲಚ್ ಮೇಲೆ ಸುಮ್ಮನೆ ತಾಗಿಕೊಂಡಿತ್ತು. ಒತ್ತಿರಲಿಲ್ಲ. ಒತ್ತದೆಯೇ ಪೆಡಲ್ ಅವನ ಕಾಲ ಕೆಳಗಿನಿಂದ ಮೆಲ್ಲಗೆ ಇಳಿಯಿತು. ಅರ್ಧಕ್ಕೆ ಬಂದು ನಿಂತಿತು.

ಅವನು ಚಿಕ್ಕ ಕನ್ನಡಿಯತ್ತ ನೋಡಿದ. ಅವಳು ಅಲ್ಲಿದ್ದಳು. ಈ ಸಲ ಅವನು ಕಣ್ಣು ತೆಗೆಯಲಿಲ್ಲ.

ಮನಸ್ಸಿನಲ್ಲೇ ಎಣಿಸತೊಡಗಿದ. ಐದು. ಏಳು. ಒಂಬತ್ತು. ಹನ್ನೊಂದು. ಹನ್ನೆರಡು.

ಆಮೇಲೆ ಎಣಿಸುವುದನ್ನು ಬಿಟ್ಟ. ಪೆಡಲ್ ಹಿಡಿದಲ್ಲೇ ನಿಂತಿತ್ತು.